ಪೇಟೆಯ ಹೆಸರುಗಳು

ಕೇಳುಗರೇ, ನಮಸ್ಕಾರ.

ಬೆಂಗಳೂರಿನ ಹಳಬರು ಇವತ್ತಿಗೂ "ಪೇಟೆಗೆ ಹೋಗಿ ಬರ್ತೀನಿ" ಎನ್ನುತ್ತಾರೆ. ಯಾವ ಪೇಟೆ ಅಂತ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಲಗ್ನಪತ್ರಿಕೆ, ಧಾರೆ ಸೀರೆ, ಬೆಳ್ಳಿ ದೀಪ, ಹೂವು, ಎಲ್ಲಕ್ಕೂ ಅಲ್ಲಿಗೇ ಹೋಗಬೇಕು.

1537ರಲ್ಲಿ ಕೆಂಪೇಗೌಡರು ಈ ಊರು ಕಟ್ಟಿಸಿದಾಗ ಮುಖ್ಯ ಬೀದಿ ಎರಡು. ಉತ್ತರ ದಕ್ಷಿಣಕ್ಕೆ ದೊಡ್ಡಪೇಟೆ, ಪೂರ್ವ ಪಶ್ಚಿಮಕ್ಕೆ ಚಿಕ್ಕಪೇಟೆ. ನಾಲ್ಕು ಜೊತೆ ಎತ್ತು ಹೂಡಿ, ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿ ಬೀದಿಗಳ ಗುರುತು ಹಾಕಿಸಿದರು ಅಂತ ಕಥೆ ಹೇಳುತ್ತಾರೆ. ಆ ದೊಡ್ಡಪೇಟೆಯೇ ಈಗಿನ ಅವೆನ್ಯೂ ರಸ್ತೆ. ಹಳೇ ಪುಸ್ತಕಕ್ಕೆ ನಾವೆಲ್ಲ ಚೌಕಾಸಿ ಮಾಡಿದ ರಸ್ತೆ, ಅಲ್ವಾ?

ಸುಮ್ನೆ ಒಂದು ಸಲ ಈ ಹೆಸರುಗಳನ್ನು ಬಾಯಲ್ಲಿ ಹೇಳಿ ನೋಡಿ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತಪೇಟೆ. ರಾಜರ ಹೆಸರಿಗಿಂತ ಇಲ್ಲಿ ದುಡಿದವರ ಹೆಸರು, ಅವರು ಮಾರಿದ ಮಾಲಿನ ಹೆಸರೇ ಜಾಸ್ತಿ. ನನಗೆ ಈ ಪೇಟೆಯ ಮೇಲೆ ಇಷ್ಟು ಪ್ರೀತಿ ಇರುವುದು ಅದಕ್ಕೇ. ಅರಳೆ ಅಂದರೆ ಹತ್ತಿ. ಈಗ ಬಸ್ಸಿನ ಬೋರ್ಡಿನಲ್ಲೂ ಕಾಟನ್‌ಪೇಟೆ. ಅರಳೆ ಅನ್ನುವ ಮಾತೇ ಮಕ್ಕಳ ಕಿವಿಗೆ ಬೀಳುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಕಸುಬುಗಳು ಬದಲಾಗಿವೆ, ನಿಜ. ಬಳೇಪೇಟೆಗೆ ಹೋದರೆ ಈಗ ತಬಲ, ಹಾರ್ಮೋನಿಯಂ, ವೀಣೆಯ ಅಂಗಡಿಗಳು. ಗಾಡಿ, ಕೈಗಾಡಿ, ಹಮಾಲರ "ಸೈಡು, ಸೈಡು" ಕೂಗಿನ ನಡುವೆ ಯಾರೋ ಒಳಗೆ ಕೂತು ಶ್ರುತಿ ನೋಡುತ್ತಿರುತ್ತಾರೆ. ಆ ದನಿ ಕೇಳಲಿಕ್ಕೇ ನಾನು ಅಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಮರದ ಕಂಬದ ಹಳೇ ಮನೆಗಳು ಮಾತ್ರ ಒಂದೊಂದಾಗಿ ಹೋಗುತ್ತಿವೆ.

ಇಡೀ ಪೇಟೆಯನ್ನು ಒಂದೇ ರಾತ್ರಿಯಲ್ಲಿ ನೋಡಬೇಕೇ? ಚೈತ್ರದ ಹುಣ್ಣಿಮೆಗೆ ಬನ್ನಿ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತದೆ. ಕರಗ ಅಂದರೆ ದ್ರೌಪದಮ್ಮ. ಹೊರುವವರು ಗಂಡಸೇ, ಆದರೆ ಸೀರೆ ಉಟ್ಟು, ಬಳೆ ತೊಟ್ಟು, ಅಷ್ಟು ಎತ್ತರದ ಮಲ್ಲಿಗೆ ತಲೆಯ ಮೇಲೆ ಹೊತ್ತು ಬರುತ್ತಾರೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ತೋಟಗಾರಿಕೆಯ ತಿಗಳರು ಕಾಪಾಡಿಕೊಂಡು ಬಂದ ಹಬ್ಬ ಇದು. ಕರಗ ಗುಡಿಗಳಿಗೆ ಹೋಗುತ್ತದೆ. ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಯಾರೂ ಅದನ್ನು ವಿಶೇಷ ಅಂತ ಹೇಳಿಕೊಳ್ಳುವುದಿಲ್ಲ. ಹೋಗಲೇಬೇಕಾದ ಮನೆಗೆ ಹೋದ ಹಾಗೆ, ಅಷ್ಟೇ.

ಜನ ಮಹಡಿಗಳಿಂದ ಮಲ್ಲಿಗೆ ಎರಚುತ್ತಾರೆ. "ಗೋವಿಂದಾ, ಗೋವಿಂದಾ" ಅನ್ನುವ ಕೂಗು ಗಲ್ಲಿಯಿಂದ ಗಲ್ಲಿಗೆ ದಾಟುತ್ತದೆ. ಬೆಳಗಾಗಿ ಕರಗ ಗುಡಿ ಸೇರುತ್ತದೆ. ಆಮೇಲೆ ಎಂದಿನಂತೆ ಅಂಗಡಿಗಳ ಷಟರ್ ಏಳುತ್ತವೆ, ಹಮಾಲರು ಮೂಟೆ ಹೊತ್ತು ಬರುತ್ತಾರೆ. ಕಾಲ ಕೆಳಗೆ ಮಲ್ಲಿಗೆ ಇನ್ನೂ ಬಿದ್ದಿರುತ್ತದೆ.