ಯಾವ ಔಷಧಿ ಹೊಡೆದಿದ್ದರು?

ಕೇಳುಗರಿಗೆ ನಮಸ್ಕಾರ.

ನಮ್ಮ ಹಾಸನದ ಕಡೆ ಜ್ವರಕ್ಕೂ ಔಷಧಿ, ಹುಳಕ್ಕೂ ಔಷಧಿ. ಆಲೂಗಡ್ಡೆಗೆ ಔಷಧಿ ಹೊಡೆಯುತ್ತೇವೆ, ಶುಂಠಿಗೆ ಹೊಡೆಯುತ್ತೇವೆ, ಕಾಂಡಕೊರಕ ಬಂತು ಅಂತ ಕಾಫಿ ಗಿಡಕ್ಕೂ ಹೊಡೆಯುತ್ತೇವೆ. ವಿಷ ಅಂತ ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಬಹಳ ವರ್ಷ ವೈದ್ಯೆಯಾಗಿದ್ದ ನನ್ನನ್ನು ಈ ಒಂದು ಪದ ಎಷ್ಟೋ ಸಲ ದಾರಿ ತಪ್ಪಿಸಿದೆ.

ಒಂದು ಸಂಜೆಯ ವಿಷಯ ಹೇಳುತ್ತೇನೆ. ಮಳೆಗಾಲ. ಮೂವತ್ತೈದರ ಆಸುಪಾಸಿನ ರೈತರೊಬ್ಬರನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ತಂದರು. ಕೈಕಾಲು ಸೆಟೆದು ಅದುರುತ್ತಿತ್ತು. "ಫಿಟ್ಸು ಮೇಡಂ, ಅರ್ಧ ಗಂಟೆಯಿಂದ ನಿಂತೇ ಇಲ್ಲ" ಅಂದರು ಅವರ ಅಣ್ಣ. ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿಸಿದ್ದರು. ಮೊದಲು ಯಾವತ್ತಾದರೂ ಬಂದಿತ್ತಾ ಅಂತ ಕೇಳಿದೆ. ಇಲ್ಲ. ಏನಾದರೂ ಔಷಧಿ ತಗೊಳ್ತಾರಾ? ಅದೂ ಇಲ್ಲ.

ಟಾರ್ಚ್ ಬಿಟ್ಟು ಕಣ್ಣು ನೋಡಿದೆ. ಪಾಪೆ ಸೂಜಿ ಮೊನೆಯಷ್ಟು ಚಿಕ್ಕದಾಗಿತ್ತು. ಬಾಯಲ್ಲಿ ಜೊಲ್ಲು, ಮೈಯೆಲ್ಲಾ ಬೆವರು, ಎದೆಯಲ್ಲಿ ಗೊರಗೊರ ಸದ್ದು. ಆಗ ಬೇರೆ ಥರ ಕೇಳಿದೆ: "ಬೆಳಿಗ್ಗೆಯಿಂದ ಏನು ಕೆಲಸ ಮಾಡ್ತಿದ್ರು?" ಹೆಂಡತಿ ತಕ್ಷಣ ಹೇಳಿದರು, "ಔಷಧಿ ಹೊಡೀತಿದ್ರು." ಡಬ್ಬದಿಂದ ಅಳೆಯುವಾಗ ಲುಂಗಿಯ ಮೇಲೆ ಚೆಲ್ಲಿಕೊಂಡಿದ್ದರಂತೆ. ಬೆನ್ನಿನ ಪಂಪೂ ಸೋರುತ್ತಿತ್ತಂತೆ. ಆ ಒದ್ದೆ ಬಟ್ಟೆಯಲ್ಲೇ ಮಧ್ಯಾಹ್ನದವರೆಗೆ ದುಡಿದಿದ್ದರು.

ಆಲೂಗಡ್ಡೆ ಹೊಲದಲ್ಲಿ ಕಾಣುವ ಕೀಟನಾಶಕಗಳಲ್ಲಿ ಎಷ್ಟೋ ಆರ್ಗನೋಫಾಸ್ಫೇಟ್ ಗುಂಪಿನವು. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಕೆಲಸ ಮುಗಿದ ಮೇಲೆ ಅದನ್ನು ಅಳಿಸಿ ಹಾಕುವ ಕಿಣ್ವ ಒಂದಿದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಕೆರೆಯ ತೂಬು ತೆಗೆದವರು ಮುಚ್ಚದೇ ಹೋದರೆ ಕೆಳಗಿನ ಗದ್ದೆ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ವಾ? ಮೈಯೊಳಗೂ ಹಾಗೆಯೇ. ಜೊಲ್ಲು ಹರಿಯುತ್ತದೆ, ಕಫ ತುಂಬುತ್ತದೆ, ಸ್ನಾಯು ಅದುರುತ್ತದೆ, ಮಿದುಳಿಗೆ ಏರಿದರೆ ಫಿಟ್ಸ್.

ಎಂಡೋಸಲ್ಫಾನ್ ದಾರಿ ಬೇರೆ. ಕಾಫಿಯ ಕಾಯಿಕೊರಕಕ್ಕೆ ಒಂದು ಕಾಲದಲ್ಲಿ ಅದನ್ನು ಹೊಡೆಯುತ್ತಿದ್ದರು. ಮಿದುಳನ್ನು ಶಾಂತವಾಗಿಡುವ ವ್ಯವಸ್ಥೆಯನ್ನೇ ಅದು ತಡೆಯುತ್ತದೆ. ಅದಕ್ಕೇ ಜೊಲ್ಲು, ಬೆವರು ಏನೂ ಇಲ್ಲದೆ ನೇರವಾಗಿ ಫಿಟ್ಸೇ ಬರಬಹುದು, ಬಂದದ್ದು ನಿಲ್ಲದೇ ಇರಬಹುದು. ಅದಕ್ಕೆ ಪ್ರತಿವಿಷವೂ ಇಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಆದರೂ ಹಳೇ ಡಬ್ಬ ಅಟ್ಟದ ಮೇಲೋ ಪಂಪ್‌ಹೌಸಿನಲ್ಲೋ ಉಳಿದಿದ್ದರೆ ಕೃಷಿ ಇಲಾಖೆಯವರಿಗೆ ತಿಳಿಸಿ. ಹಳ್ಳಕ್ಕೆ ಮಾತ್ರ ಸುರಿಯಬೇಡಿ.

ಫಿಟ್ಸ್ ಐದು ನಿಮಿಷ ದಾಟಿದರೆ ಅದು ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ. ಅರ್ಧ ಗಂಟೆ ದಾಟಿದರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳುವ ಭಯ ಇರುತ್ತದೆ. ನಡುವೆ ಎಚ್ಚರವಾಗದೆ ಮತ್ತೆ ಮತ್ತೆ ಬರುವುದೂ ಅಷ್ಟೇ ಅಪಾಯ. ಆ ಹೊತ್ತಿನಲ್ಲಿ ಚಪ್ಪಲಿ, ಈರುಳ್ಳಿ, ಕಬ್ಬಿಣ ಅಂತ ಹುಡುಕುತ್ತಾ ಕೂರಬೇಡಿ, ದಯವಿಟ್ಟು. ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ. ಎಡಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಬಾಯಿಗೆ ಏನನ್ನೂ ತುರುಕಬೇಡಿ. ವಾಂತಿ ಆಗಲಿ ಅಂತ ಉಪ್ಪು ನೀರು, ಸಗಣಿ ನೀರು ಕುಡಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಶ್ವಾಸಕೋಶಕ್ಕೆ ಹೋಗಿ ಜೀವ ತೆಗೆಯುತ್ತದೆ. ಹಾಲು, ಎಣ್ಣೆಯೂ ಬೇಡ. ಎಂಡೋಸಲ್ಫಾನ್‌ನಂಥ ವಿಷ ಜಿಡ್ಡಿನಲ್ಲಿ ಕರಗಿ ಇನ್ನೂ ಬೇಗ ಮೈಗೆ ಇಳಿಯುತ್ತದೆ. ಔಷಧಿ ಬಿದ್ದ ಬಟ್ಟೆ ಬಿಚ್ಚಿ ಹಾಕಿ, ಅದುರುವುದು ನಿಂತಿದ್ದರೆ ಸೋಪು ನೀರಿನಲ್ಲಿ ಮೈ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಕವರ್ ಆದರೂ ಸುತ್ತಿಕೊಳ್ಳಿ. ಆಂಬುಲೆನ್ಸ್ ಬಂದರೆ ಇದಕ್ಕೆಲ್ಲಾ ಕಾಯಬೇಡಿ.

ಮತ್ತೆ ಆ ಡಬ್ಬ. ಅದನ್ನು ಕವರಿನಲ್ಲಿ ಕಟ್ಟಿ ಜೊತೆಗೆ ತನ್ನಿ. ಡಬ್ಬ ಸಿಗದಿದ್ದರೆ ಹೆಸರನ್ನಾದರೂ ಬರೆದು ತನ್ನಿ. ಲೇಬಲ್ಲಿನ ತ್ರಿಕೋನದ ಬಣ್ಣ ಕೆಂಪಾದರೆ ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಹಸಿರು. ಹಸಿರು ಅಂದರೆ ವಿಷವೇ ಅಲ್ಲ ಅಂತ ಅರ್ಥ ಅಲ್ಲ. ಉಳಿದ ಔಷಧಿಯನ್ನು ನೀರಿನ ಬಾಟಲಿಗೋ ಕ್ವಾರ್ಟರ್ ಬಾಟಲಿಗೋ ಬಗ್ಗಿಸಿಟ್ಟರೆ ಆ ಲೇಬಲ್ಲೂ ಹೋಯಿತು. ಬಾಯಾರಿದ ಮಗುವಿಗೆ ಅದು ಹೇಗೆ ಗೊತ್ತಾಗಬೇಕು?

ಕೆಲವರು ನೊಂದು ಕುಡಿದಿರುತ್ತಾರೆ. ಕೇಸ್ ಆಗುತ್ತೆ ಅಂತ ಮನೆಯವರು ಬಚ್ಚಿಡುತ್ತಾರೆ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತದೆ. ಅವರಿಗೆ ಬೇಕಾದದ್ದು ಚಿಕಿತ್ಸೆ ಮತ್ತು ಆಸರೆ ಅನ್ನುತ್ತದೆ. ವೈದ್ಯರ ಹತ್ತಿರ ನಿಜ ಹೇಳಿ. ಮನಸ್ಸು ಕುಸಿದವರು ಈಗ ಕೇಳುತ್ತಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ.

ಆ ಸಂಜೆ ಮಿಡಜೋಲಾಮ್ ಕೊಟ್ಟೆವು, ಅದುರುವುದು ನಿಂತಿತು. ಅಟ್ರೋಪಿನ್ ಕೊಡುತ್ತಾ ಹೋದೆವು, ಎದೆಯ ಗೊರಗೊರ ನಿಲ್ಲುವವರೆಗೆ. ಆಮೇಲೆ ಜಿಲ್ಲಾಸ್ಪತ್ರೆಗೆ ಕಳಿಸಿದೆವು. ಎರಡನೇ ದಿನ ಎದ್ದು ಕೂತು ಮಾತಾಡಿದರಂತೆ, ಮನೆಗೆ ಹೋಗ್ತೀನಿ ಅಂತ ಹಟ ಹಿಡಿದರಂತೆ. ಅಲ್ಲಿನ ವೈದ್ಯರು ಬಿಡಲಿಲ್ಲ. ಈ ವಿಷದಲ್ಲಿ ಒಂದು ದಿನದಿಂದ ನಾಲ್ಕು ದಿನದೊಳಗೆ ಕತ್ತು ಮತ್ತು ಉಸಿರಾಟದ ಸ್ನಾಯುಗಳು ಸೋಲುವುದುಂಟು. ಮೂರನೇ ದಿನ ಬೆಳಿಗ್ಗೆ ಅವರಿಗೆ ದಿಂಬಿನಿಂದ ತಲೆ ಎತ್ತಲು ಆಗಲಿಲ್ಲ. ವೆಂಟಿಲೇಟರ್ ಹಾಕಿದರು. ಹಾಸಿಗೆ ಬಿಟ್ಟು ಏಳಲು ಎರಡು ವಾರವಾಯಿತು.

ಮುಂದಿನ ತಿಂಗಳು ಆ ದಂಪತಿ ನನ್ನನ್ನು ನೋಡಲು ಬಂದಿದ್ದರು. ಹೆಂಡತಿಯ ಚೀಲದಲ್ಲಿ ಒಂದು ಚೀಟಿ ಇತ್ತು. ಹೊಲಕ್ಕೆ ಹೊಡೆಯುವ ಔಷಧಿಗಳ ಹೆಸರನ್ನೆಲ್ಲಾ ಮಗಳ ಕೈಯಲ್ಲಿ ಬರೆಸಿಟ್ಟಿದ್ದರು.

ನಮಸ್ಕಾರ.