ಹಲಸಿನ ಪೆಟ್ಟಿಗೆಯೊಳಗಿನ ಕಂಪ್ಯೂಟರ್

ನಮಸ್ಕಾರ ಕೇಳುಗರೇ. ಮೊದಲಿಗೆ ಒಂದು ಸದ್ದು ಕೇಳಿ.

(ಗುಂಡಿ ಒತ್ತುವ ಸದ್ದು, ಎರಡು ಸಲ)

ಈಗ ಟಿಕ್ ಅಂದದ್ದು ಒಂದು ಪುಟ್ಟ ಗುಂಡಿ. ಅಂಥ ಹತ್ತು ಗುಂಡಿಗಳು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪರದೆ, ಅದರ ಬೆನ್ನಿಗೆ ಬ್ಯಾಟರಿ, ಎಲ್ಲವೂ ಹಲಸಿನ ಮರದ ಒಂದು ಪೆಟ್ಟಿಗೆಯೊಳಗೆ ಕೂತಿವೆ. ಎರಡೂ ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರ್ ಇದು. ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಜಗುಲಿಯಲ್ಲಿ ಕೂತು ನಾನೂ ನನ್ನ ಅಕ್ಕನ ಮಗನೂ ಸೇರಿ ಮಾಡಿದ್ದು.

ಇನ್ವರ್ಟರ್, ಯುಪಿಎಸ್ ರಿಪೇರಿ ನನ್ನ ಕಸುಬು. ಹುಡುಗ ನಮ್ಮಲ್ಲೇ ಇದ್ದು ಏಳನೇ ಕ್ಲಾಸು ಓದುತ್ತಾನೆ. ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟ ಒಂದು ದಿನ ಅಟ್ಟ ಹತ್ತಿ, ನನ್ನ ಹಳೇ ಬ್ರಿಕ್ ಗೇಮ್, ಅಂದರೆ ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರ, ಹುಡುಕಿ ತಂದ. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಅಪ್ಪಯ್ಯ ಕೊಡಿಸಿದ್ದು ಅದು. ಸೆಲ್ಲು ಸೋರಿ ಒಳಗೆಲ್ಲ ಹಸಿರುಗಟ್ಟಿತ್ತು. ಬಿಚ್ಚಿದೆವು. ಬೋರ್ಡಿನ ನಡುವೆ ಒಂದು ಕರೀ ಬೊಟ್ಟು, ಡಾಂಬರಿನ ಹನಿ ಬಿದ್ದು ಗಟ್ಟಿಯಾದ ಹಾಗೆ. ಚಿಪ್ಪನ್ನು ನೇರ ಬೋರ್ಡಿಗೆ ಕೂರಿಸಿ ಮೇಲೆ ಎಪಾಕ್ಸಿ ಅನ್ನುವ ಗಟ್ಟಿ ಅಂಟು ಸುರಿದಿರುತ್ತಾರೆ, ಅದಕ್ಕೆ ಕೈ ಹಾಕುವ ಹಾಗಿಲ್ಲ ಅಂದೆ. ಹುಡುಗ ಸ್ವಲ್ಪ ಹೊತ್ತು ಅದನ್ನೇ ನೋಡಿದ. "ಹಂಗಾರೆ ಬಿಚ್ಚಿ ನೋಡಕ್ಕೆ ಬರೋ ಅಂಥದ್ದು ನಾವೇ ಮಾಡನ ಮಾವ" ಅಂದ. ಆ ಮಾತು ನನಗೆ ನಾಟಿತು.

ಮಿದುಳಿಗೆ ಆರಿಸಿದ್ದು ರಾಸ್ಪ್‌ಬೆರಿ ಪೈ ಜೀರೋ 2 ಡಬ್ಲ್ಯೂ ಅನ್ನುವ ಬೋರ್ಡು. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಅಂತ ಇಂಗ್ಲೆಂಡಿನ ಕೇಂಬ್ರಿಜ್‌ನವರು 2012ರಲ್ಲಿ ಹೊರತಂದ ಅಗ್ಗದ ಕಂಪ್ಯೂಟರಿನ ವಂಶದ್ದು. ಈ ಮಾದರಿ ಬಂದದ್ದು 2021ರಲ್ಲಿ. ಉದ್ದ 65 ಮಿಲಿಮೀಟರ್, ಅಗಲ 30. ಇಷ್ಟರಲ್ಲೇ ನಾಲ್ಕು ಕೋರಿನ ಪ್ರೊಸೆಸರ್, 512 ಎಂಬಿ ಮೆಮೊರಿ. ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಅನ್ನುವ ತಂತ್ರಾಂಶ ತುಂಬಿ ಸಿಕ್ಕಿಸಿದರೆ ಕಂಪ್ಯೂಟರ್ ಏಳುತ್ತದೆ. ಈ ಭಾಗ ಸಲೀಸು, ಒಂದು ಸಂಜೆಯ ಕೆಲಸ.

ಕಷ್ಟ ಇರುವುದು ಕರೆಂಟಿನಲ್ಲಿ. ಕೈಯಲ್ಲಿ ಹಿಡಿಯುವ ಯಂತ್ರಗಳ ಚರಿತ್ರೆಯೇ ಇದನ್ನು ಹೇಳುತ್ತದೆ. 1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಗೇಮ್ ಬಾಯ್ ತಂದಾಗ ಅದರ ಪರದೆಗೆ ಬಣ್ಣವಿರಲಿಲ್ಲ, ಹಿಂದಿನಿಂದ ಬೆಳಕೂ ಇರಲಿಲ್ಲ; ಹಸಿರು ಛಾಯೆ ನಾಲ್ಕೇ ನಾಲ್ಕು. ಮರುವರ್ಷ ಸೆಗಾ ಕಂಪನಿಯ ಗೇಮ್ ಗಿಯರ್ ಬಂತು, ಬೆಳಗುವ ಬಣ್ಣದ ಪರದೆ ಇಟ್ಟುಕೊಂಡು. ಆದರೆ ಅದಕ್ಕೆ ಆರು ಪೆನ್ಸಿಲ್ ಸೆಲ್ ಬೇಕು, ನಾಲ್ಕೈದು ಗಂಟೆಯೊಳಗೆ ಎಲ್ಲ ಖಾಲಿ. ಗೇಮ್ ಬಾಯ್ ನಾಲ್ಕು ಸೆಲ್ಲಿನಲ್ಲಿ ಅದರ ಎರಡು ಮೂರು ಪಟ್ಟು ಓಡುತ್ತಿತ್ತು. ಗೆದ್ದದ್ದು ಮಂಕು ಪರದೆಯದ್ದೇ. ಅದರ ಹಿಂದಿದ್ದ ಗುನ್ಪೇ ಯೊಕೊಯಿ ಅನ್ನುವ ಎಂಜಿನಿಯರ್ ಬಗ್ಗೆ ನನಗೆ ಬಹಳ ಗೌರವ. ಏನು ಸೇರಿಸಬೇಕು ಅನ್ನುವುದಕ್ಕಿಂತ ಏನು ಬಿಡಬೇಕು ಅಂತ ಆತ ಯೋಚಿಸಿದ್ದರು.

ನಾವು ಹಾಕಿದ್ದು 18650 ಅನ್ನುವ ಲಿಥಿಯಂ ಸೆಲ್. ಹೆಸರಲ್ಲೇ ಅಳತೆ ಇದೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಇಲ್ಲಿ ನಾನೊಂದು ಏಟು ತಿಂದೆ. ಪಾರ್ಸೆಲ್ಲಿನಲ್ಲಿ ತರಿಸಿದ ಸೆಲ್ಲಿನ ಮೇಲೆ 9900 ಎಂಎಎಚ್ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಸೆಲ್ಲು ಎಷ್ಟು ಕರೆಂಟು ಹಿಡಿದಿಡುತ್ತದೆ ಅನ್ನುವ ಅಳತೆ ಅದು. ಈ ಅಳತೆಯ ಸೆಲ್ಲಿನಲ್ಲಿ ಒಳ್ಳೆಯದಾದರೂ ಸಾಮಾನ್ಯವಾಗಿ 3500ರ ಆಸುಪಾಸು ಸಿಗುತ್ತದೆ, ಅಷ್ಟೇ. ಗೊತ್ತಿದ್ದೂ ಅವಸರದಲ್ಲಿ ತರಿಸಿದ್ದೆ. ಪೇಟೆಯಲ್ಲಿ ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಅಸಲಿ ಸೆಲ್ 45 ಗ್ರಾಂ ಹತ್ತಿರ ತೂಗಬೇಕು. ಇದು 29 ತೂಗಿತು. ಮನೆಗೆ ತಂದು ಲೋಡ್ ಕೊಟ್ಟು, ಅಂದರೆ ಕರೆಂಟು ಎಳೆಯುವ ವಸ್ತು ಸಿಕ್ಕಿಸಿ, ಪೂರ್ತಿ ಇಳಿಸಿದರೆ 800 ಕೂಡ ದಾಟಲಿಲ್ಲ. ದಯವಿಟ್ಟು ಇಂಥ ಸೆಲ್ ಕೊಳ್ಳಬೇಡಿ. ದುಡ್ಡು ಹೋದದ್ದಕ್ಕಿಂತ, ಒಳಗೆ ಏನು ತುಂಬಿದ್ದಾರೋ ಅಂಥದ್ದು ಮಗುವಿನ ಕೈಯಲ್ಲಿ ಇರುತ್ತದಲ್ಲ, ಅದು ನನಗೆ ಭಯ.

ಆಮೇಲೆ ನಂಬಿಕೆಯ ಕಡೆಯಿಂದ 3000ದ್ದು ತಂದೆ. ಲೆಕ್ಕ ಹೀಗೆ: 3000 ಎಂಎಎಚ್ ಅಂದರೆ ಮೂರು ಆಂಪಿಯರ್ ಗಂಟೆ, ಅದನ್ನು 3.7 ವೋಲ್ಟಿಗೆ ಗುಣಿಸಿದರೆ ಸುಮಾರು 11 ವ್ಯಾಟ್ ಗಂಟೆ. ಸೆಲ್ಲಿನ ವೋಲ್ಟೇಜನ್ನು ಬೋರ್ಡಿಗೆ ಬೇಕಾದ ಐದಕ್ಕೆ ಏರಿಸುವ ಸರ್ಕ್ಯೂಟು ಅದರಲ್ಲಿ ಒಂದಷ್ಟು ತಿನ್ನುತ್ತದೆ. ಬೋರ್ಡು, ಪರದೆ, ಸ್ಪೀಕರ್ ಸೇರಿ ಎರಡೂವರೆ ವ್ಯಾಟ್ ಹತ್ತಿರ ಎಳೆಯುತ್ತವೆ. ನಮಗೆ ಸಿಕ್ಕಿದ್ದು ಮೂರೂವರೆ ಗಂಟೆ. ಸೆಲ್ 4.2 ವೋಲ್ಟಿಗಿಂತ ಮೇಲೆ ಏರಬಾರದು, 3ಕ್ಕಿಂತ ತೀರಾ ಕೆಳಗೂ ಇಳಿಯಬಾರದು; ಅದಕ್ಕೊಂದು ರಕ್ಷಣೆಯ ಸರ್ಕ್ಯೂಟ್ ಇರಲೇಬೇಕು. ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಹಾಕಬಾರದು, ಕಾವು ಒಳಗಿಳಿದು ಕೆಡುತ್ತದೆ. ಹೋಲ್ಡರ್ ಹಾಕಿ. ಗುಡುಗು ಶುರುವಾದರೆ ಚಾರ್ಜರ್ ಕಿತ್ತಿಡಿ. ಇದನ್ನು ಮಲೆನಾಡಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಮೊದಲು ಸದ್ದು ಜೋರು ಮಾಡಿದ ಕೂಡಲೇ ಯಂತ್ರ ತಾನಾಗಿ ಆಫ್ ಆಗಿ ಮತ್ತೆ ಏಳುತ್ತಿತ್ತು. ಹುಡುಗ ಕಾರ್ಡು ಕೆಟ್ಟಿದೆ ಅಂದ. ಮೀಟರ್ ಹಿಡಿದರೆ ವೋಲ್ಟೇಜ್ ಏರಿಸುವ ಸರ್ಕ್ಯೂಟಿನ ಬಾಯಲ್ಲಿ ಐದು ವೋಲ್ಟ್ ಸರಿಯಾಗಿದೆ, ನಾಲ್ಕು ಬೆರಳು ಆಚೆ ಬೋರ್ಡಿನ ಹತ್ತಿರ 4.4. ವೈರು ಕೂದಲೆಳೆಯಷ್ಟು ಸಣ್ಣದಾಗಿತ್ತು. ಪಂಪ್‌ಸೆಟ್ಟಿಗೆ ಸಣ್ಣ ವೈರು ಎಳೆದರೆ ಮೋಟಾರು ಮುಲುಕುತ್ತದಲ್ಲ, ಅದೇ ಕಥೆ. ದಪ್ಪ ವೈರು ಹಾಕಿದೆವು, ಸರಿಹೋಯಿತು.

ಬೆಸುಗೆಯನ್ನು ಹುಡುಗನಿಗೇ ಬಿಟ್ಟೆ. ಬೋರ್ಡಿನ ಅಂಚಿನಲ್ಲಿ ನಲವತ್ತು ತೂತು, ನಲವತ್ತು ಪಿನ್ನು. ಮೊದಲು ಪಿನ್ನು, ತೂತಿನ ಸುತ್ತಿನ ತಾಮ್ರ, ಎರಡನ್ನೂ ಐರನ್ನಿನ ತುದಿಯಿಂದ ಬಿಸಿ ಮಾಡಬೇಕು. ಆಮೇಲೆ ಸೀಸದ ತಂತಿ ಮುಟ್ಟಿಸಿದರೆ ಅದು ಕಾವಿದ್ದ ಕಡೆಗೆ ತಾನೇ ಹರಿದು ಪಿನ್ನಿನ ಬುಡ ಸುತ್ತಿಕೊಳ್ಳುತ್ತದೆ. ರಾಳದ ಹೊಗೆ ಏಳುತ್ತದೆ, ಧೂಪ ಹಾಕಿದ ಪರಿಮಳ. ಆ ಹೊಗೆಗೆ ಮುಖ ಕೊಡಬಾರದು, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಅವನ ಮೊದಲ ಐದಾರು ಚುಕ್ಕಿಗಳು ಮಂಕಾಗಿ ಉಂಡೆಗಟ್ಟಿದವು. ಡ್ರೈ ಸೋಲ್ಡರ್ ಅನ್ನುತ್ತೇವೆ ಅದಕ್ಕೆ. ನೋಡಲು ಹಿಡಿದ ಹಾಗೆ ಇರುತ್ತದೆ, ಹಿಡಿದಿರುವುದಿಲ್ಲ. ಇಪ್ಪತ್ತನೆಯದರ ಹೊತ್ತಿಗೆ ಚುಕ್ಕಿಗಳು ಹೊಳೆಯತೊಡಗಿದವು.

ಗುಂಡಿಯದ್ದೂ ಒಂದು ಸ್ವಾರಸ್ಯ ಇದೆ. ಒಮ್ಮೆ ಒತ್ತಿದರೆ ಯಂತ್ರ ಮೂರು ಸಲ ಒತ್ತಿದ ಹಾಗೆ ತಿಳಿಯುತ್ತಿತ್ತು. ಅಂಗಳಕ್ಕೆ ಬಿದ್ದ ಅಡಿಕೆ ಒಂದೇ ಸಲಕ್ಕೆ ನಿಲ್ಲುತ್ತದೆಯೇ? ಎರಡು ಮೂರು ಸಲ ಪುಟಿದು ನಿಲ್ಲುತ್ತದೆ. ಗುಂಡಿಯೊಳಗಿನ ಲೋಹದ ಪಟ್ಟಿಯೂ ಹಾಗೇ ಪುಟಿಯುತ್ತದೆ, ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲಿನಷ್ಟು ಹೊತ್ತು. ನಮಗೆ ಕಾಣುವುದಿಲ್ಲ, ಪ್ರೊಸೆಸರಿಗೆ ಕಾಣುತ್ತದೆ. ಇಪ್ಪತ್ತು ಮಿಲಿಸೆಕೆಂಡು ತಡೆದು ನೋಡು ಅಂತ ಪ್ರೋಗ್ರಾಮಿನಲ್ಲಿ ಬರೆದ ಮೇಲೆ ಸುಮ್ಮನಾಯಿತು.

ಇನ್ನು ಪೆಟ್ಟಿಗೆ. ಗಣಪತಿ ಮಾಡುವ ಜೇಡಿಮಣ್ಣು ತಂದು, ಹುಡುಗ ಎರಡೂ ಕೈಯಲ್ಲಿ ಹಿಡಿದು ಒತ್ತಿದ. ಬೆರಳು ಎಲ್ಲಿ ಕೂರುತ್ತದೆ, ಹೆಬ್ಬೆರಳು ಎಲ್ಲಿಯವರೆಗೆ ಮುಟ್ಟುತ್ತದೆ, ಎಲ್ಲ ಆ ಮಣ್ಣಿನಲ್ಲಿ ಮೂಡಿತು. ಅದನ್ನೇ ನಮ್ಮೂರಿನ ಆಚಾರ್ರಿಗೆ ಕೊಟ್ಟೆ. ಅವರು ಮಣ್ಣನ್ನು ತಿರುಗಿಸಿ ತಿರುಗಿಸಿ ನೋಡಿ, "ಹೊಸ ಮರ ಬ್ಯಾಡ. ಈಗ ಕೂತಂಗೆ ಕಾಣ್ತದೆ, ಸಂಕ್ರಾಂತಿ ಹೊತ್ತಿಗೆ ಸಂದು ಬಿಡ್ತದೆ" ಅಂದರು. ಬಿಚ್ಚಿದ ಹಳೇ ಕೊಟ್ಟಿಗೆಯ ಹಲಸಿನ ತೊಲೆಯಿಂದ ಒಂದು ತುಂಡು ತೆಗೆದು ಕೆತ್ತಿಕೊಟ್ಟರು. ಮರ ಕಾವನ್ನು ಹೊರಗೆ ಬಿಡುವುದಿಲ್ಲ, ಪ್ರೊಸೆಸರ್ 80 ಡಿಗ್ರಿ ಮುಟ್ಟಿದರೆ ತಾನೇ ನಿಧಾನವಾಗುತ್ತದೆ ಅಂದದ್ದಕ್ಕೆ, ಬೆನ್ನಿಗೆ ಸಣ್ಣ ಜಾಲಂದ್ರ ಕೊರೆದರು. ಆ ಜಾಲಂದ್ರದಿಂದ ಕಾವು ಹೋಗುವಂತೆ ನಮ್ಮ ಮಳೆಗಾಲದ ಥಂಡಿಯೂ ಒಳಗೆ ಬರುತ್ತದೆ. ಬೆಸುಗೆಯ ಮೇಲೆಲ್ಲ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದ್ದೇವೆ. ಆಡದಿರುವಾಗ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಇಡುತ್ತೇವೆ. ಮುಚ್ಚಳಕ್ಕೆ ಅಂಟು ಹಾಕಿಲ್ಲ. ನಾಲ್ಕು ಸ್ಕ್ರೂ, ಅಷ್ಟೇ.

ಆಟಗಳ ವಿಷಯ. ಕಂಪನಿಗಳ ಆಟವನ್ನು ಕದ್ದು ತುಂಬಿಕೊಳ್ಳುವುದು ನನಗೆ ಒಪ್ಪುವುದಿಲ್ಲ. ಸೂಪರ್‌ಟಕ್ಸ್ ಥರ ಯಾರು ಬೇಕಾದರೂ ಆಡಬಹುದಾದ, ತಿದ್ದಬಹುದಾದ ಮುಕ್ತ ಆಟಗಳಿವೆ. ಹುಡುಗನಿಗೆ ಮಾತ್ರ ತನ್ನದೇ ಒಂದು ಬೇಕಿತ್ತು. ನಮ್ಮ ಮನೆಯಲ್ಲಿ ದೊಡ್ಡಮ್ಮನ ಚನ್ನೆಮಣೆ ಇದೆ, ಏಳೇಳರ ಎರಡು ಸಾಲು, ಹದಿನಾಲ್ಕು ಗುಳಿ. ಹೊರಗೆ ಕಾಲಿಡಲಾಗದ ಆಷಾಢದ ಮಳೆಯಲ್ಲಿ ಆಡುವ ಆಟ. ಅದನ್ನೇ ಪೈಥಾನ್ ಭಾಷೆಯಲ್ಲಿ ಬರೆಯೋಣ ಅಂದ. ಬರೆಯಲು ಮೂರು ವಾರ ಹಿಡಿಯಿತು. 'ಗೆದ್ದಿರಿ' ಅಂತ ಪರದೆಯಲ್ಲಿ ಬರೆಸಿದರೆ ದಕಾರದ ಒತ್ತು ಕೆಳಗೆ ಹೋಗದೆ ಪಕ್ಕದಲ್ಲೇ ಒಡೆದು ಬಿತ್ತು. ಅಕ್ಷರ ಕೂಡಿಸುವ ವಿದ್ಯೆ ನಾವು ಬಳಸಿದ ಲೈಬ್ರರಿಗೆ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮಿನ ಕಟ್ಟಿಗೆ, ಗೊತ್ತಿರಲಿಲ್ಲ. ಕನ್ನಡ ಪದಗಳನ್ನೆಲ್ಲ ಚಿತ್ರಗಳಾಗಿ ಮಾಡಿ ಒಳಗಿಟ್ಟೆವು. ಒಡೆದ ಕನ್ನಡವನ್ನು ಹಾಗೇ ಬಿಡಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಒಂದು ರಾತ್ರಿ ಕರೆಂಟ್ ಹೋಗಿತ್ತು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಪೆಟ್ಟಿಗೆ ಹಿಡಿದರು. ಎರಡು ಆಟ ಸೋತರು. ಮೂರನೆಯದರ ನಡುವೆ ನಿಲ್ಲಿಸಿ, "ತಮ್ಮಾ, ಇದು ಕಳ್ಳಾಟ ಆಡ್ತದೆ" ಅಂದರು. ಗುಳಿಗೊಂದರಂತೆ ಕಾಯಿ ಹಾಕುತ್ತಾ ಹೋಗಿ, ಕೈಯ ಕಾಯಿ ಮುಗಿದು ಮುಂದಿನ ಗುಳಿ ಬರಿದಾಗಿದ್ದರೆ ಅದನ್ನು ಸವರಿ, ಅದರ ಮುಂದಿನ ಗುಳಿಯ ಕಾಯಿ ತೆಗೆದುಕೊಳ್ಳುತ್ತೇವೆ. ಅದರಾಚೆ ಮತ್ತೊಂದು ಬರಿದಾದ ಗುಳಿ ಇದ್ದರೆ ಅದನ್ನೂ ಸವರಿ, ಅದರ ಮುಂದಿನದ್ದೂ ನಮ್ಮದೇ. ನಮ್ಮ ಮನೆಯ ಲೆಕ್ಕ ಅದು. ಪ್ರೋಗ್ರಾಮು ಒಂದೇ ಸಲಕ್ಕೆ ನಿಲ್ಲಿಸುತ್ತಿತ್ತು. ಹುಡುಗ ಕೀಬೋರ್ಡ್ ಸಿಕ್ಕಿಸಿ, ಚಿಮಣಿ ಬೆಳಕಿನಲ್ಲಿ ಸಾಲು ಹುಡುಕಿ, 'ಇಫ್' ಅಂತ ಇದ್ದದ್ದನ್ನು ಅಳಿಸಿ 'ವೈಲ್' ಅಂತ ಬರೆದ. ಇಫ್ ಅಂದರೆ ಒಂದೇ ಸಲ ನೋಡುತ್ತದೆ, ವೈಲ್ ಅಂದರೆ ಹಾಗಿರುವವರೆಗೂ ಮತ್ತೆ ಮತ್ತೆ ಮಾಡುತ್ತದೆ. ಪೆಟ್ಟಿಗೆಯನ್ನು ವಾಪಸ್ಸು ದೊಡ್ಡಮ್ಮನ ಕೈಗೆ ಕೊಟ್ಟ.

ನಾಲ್ಕನೆಯ ಆಟ ದೊಡ್ಡಮ್ಮ ಗೆದ್ದರು. ನಮಸ್ಕಾರ.