ಹನ್ನೊಂದು ಗಂಟೆ ಯಾರದು?

ಸಭೆಯಲ್ಲಿ ಸೇರಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಈ ಭಾನುವಾರ ನಮ್ಮನ್ನು ಇಲ್ಲಿಗೆ ಕರೆತಂದ ಸಂಗತಿಯನ್ನು ವಿವರಿಸುವ ಅಗತ್ಯವಿಲ್ಲ. ಕಳೆದ ತಿಂಗಳು, ದಿನದ ಲೆಕ್ಕದಲ್ಲಿ ಅತಿಥಿಗಳಿಗೆ ಮನೆ ಕೊಡುವ ನಮ್ಮವರೇ ಒಬ್ಬರು, ಬೆಳಗ್ಗೆ ಹನ್ನೊಂದಕ್ಕೆ ಮನೆ ಬಿಡಬೇಕಿದ್ದು ಮಧ್ಯಾಹ್ನ ಎರಡಾದರೂ ಹೊರಡದ ಅತಿಥಿಯ ಪೆಟ್ಟಿಗೆಗಳನ್ನು ಮೆಟ್ಟಿಲ ಮೇಲಿರಿಸಿ, ಬಾಗಿಲಿನ ನಂಬರ್ ಬೀಗದ ಸಂಖ್ಯೆಯನ್ನು ಬದಲಿಸಿದರು. ಸಂಜೆಯ ಹೊತ್ತಿಗೆ ಇಬ್ಬರೂ ಪೊಲೀಸ್ ಠಾಣೆಯ ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಅದರ ಫಲವಾಗಿ ಹುಟ್ಟಿದ ಸಲಹೆ ನಿಮ್ಮ ಕೈಯಲ್ಲಿರುವ ಹಾಳೆಯಲ್ಲಿದೆ: ಬೆಳಗ್ಗೆ ಹನ್ನೊಂದು ಮೀರಿದ ಕೂಡಲೇ, ಕಾರಣ ಕೇಳದೆ, ಎರಡು ದಿನದ ಬಾಡಿಗೆಯನ್ನು ದಂಡವಾಗಿ ವಸೂಲಿ ಮಾಡುವುದು. ಈ ಸಲಹೆಯನ್ನು ಇದೇ ರೂಪದಲ್ಲಿ ಒಪ್ಪಬೇಡಿ ಎಂದು ವಿನಂತಿಸುವುದಕ್ಕಾಗಿಯೇ ನಾನು ನಿಂತಿದ್ದೇನೆ. ದಂಡ ಬೇಡವೇ ಬೇಡ ಎಂಬುದು ನನ್ನ ವಾದವಲ್ಲ. ಹನ್ನೊಂದು ಗಂಟೆಗೆ ಶುರುವಾಗುವ ಮಾತು ತಡವಾಗಿ ಶುರುವಾದ ಮಾತು, ಅದನ್ನು ಯಾವ ದಂಡವೂ ಸರಿಪಡಿಸಲಾರದು ಎಂಬುದು ನನ್ನ ಒಂಬತ್ತು ವರ್ಷಗಳ ಅನುಭವ.

ಮೊದಲು ಒಂದು ಪ್ರಶ್ನೆ. ಆ ಹನ್ನೊಂದು ಗಂಟೆ ಯಾರದು? ನಮ್ಮ ಮನೆ, ನಮ್ಮ ನಿಯಮ, ಆದ್ದರಿಂದ ನಮ್ಮದು ಎಂದು ನಾವು ಭಾವಿಸುತ್ತೇವೆ. ದುಡ್ಡು ಕೊಟ್ಟಿದ್ದೇನೆ, ಹತ್ತು ನಿಮಿಷ ಹೆಚ್ಚು ಕಡಿಮೆಯಾದರೆ ಏನಾಯಿತು ಎಂದು ಅತಿಥಿ ಭಾವಿಸುತ್ತಾರೆ. ನನ್ನ ಪ್ರಕಾರ ಅದು ಇಬ್ಬರದೂ ಅಲ್ಲ. ಹನ್ನೊಂದಕ್ಕೆ ಪೊರಕೆ, ಬಕೆಟ್ಟು ಹಿಡಿದು ಬಾಗಿಲ ಬಳಿ ನಿಲ್ಲುವ ಹೆಂಗಸಿನದು ಅದು. ಎರಡಕ್ಕೆ ಮಗುವನ್ನೆತ್ತಿಕೊಂಡು ಬಂದಿಳಿಯುವ, ಇನ್ನೂ ನಾವು ಮುಖ ನೋಡಿರದ ಕುಟುಂಬದ್ದು. ನಮ್ಮ ಮನೆ ಶುಚಿ ಮಾಡಲು ಬರುವವರು ಹನ್ನೊಂದರಿಂದ ಒಂದೂವರೆಯವರೆಗೆ ನಮ್ಮಲ್ಲಿ ದುಡಿದು, ಎರಡಕ್ಕೆ ಇನ್ನೊಂದು ಮನೆಯ ಕೆಲಸಕ್ಕೆ ಹೋಗಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಬಸ್ಸಿನ ಖರ್ಚು ಉಳಿದಿದೆ, ಆದರೆ ನಮ್ಮ ಅತಿಥಿ ಒಂದು ಗಂಟೆ ತಡಮಾಡಿದರೆ ಅವರ ಎರಡನೆಯ ಮನೆಯ ಸಂಬಳಕ್ಕೆ ಕುತ್ತು ಬರುತ್ತದೆ. ಇದನ್ನು ಅತಿಥಿಗೆ ಹೇಳಿದಾಗ ನನ್ನ ಅನುಭವದಲ್ಲಿ ಬಹುತೇಕರು ಕೂಡಲೇ ಎದ್ದಿದ್ದಾರೆ. ‘ನಿಯಮ ಹನ್ನೊಂದು’ ಎಂದಾಗ ಎದ್ದವರು ಕಡಿಮೆ.

ಅತಿಥಿ ದೇವರಲ್ಲವೇ ಎಂದು ಕಳೆದ ಸಭೆಯಲ್ಲಿ ಒಬ್ಬರು ಕೇಳಿದ್ದರು. ಹಳೆಯ ಧರ್ಮಶಾಸ್ತ್ರವು ಅತಿಥಿ ಎಂಬ ಪದವನ್ನು ವಿವರಿಸುವಾಗ, ಒಂದೇ ರಾತ್ರಿ ತಂಗುವವನು, ಆತನ ವಾಸ ನಿತ್ಯವಲ್ಲದ್ದರಿಂದಲೇ ಅವನಿಗೆ ಆ ಹೆಸರು ಎನ್ನುತ್ತದೆ. ಹೊರಡುವುದು ಆ ಪದದ ಒಳಗೇ ಇದೆ. ಹೊರಡಿ ಎಂದು ಹೇಳುವುದರಿಂದ ಆತಿಥ್ಯಕ್ಕೆ ಊನ ಬರುವುದಿಲ್ಲ. ಹೇಗೆ, ಯಾವಾಗ ಹೇಳುತ್ತೇವೆ ಎಂಬುದರಿಂದ ಬರಬಹುದು.

ಹೇಳುವುದು ನಮಗೆ ಕಷ್ಟ, ನಿಜ. ನಾವು ಬಂಧುಗಳ ಮನೆಯಿಂದ ಏಳುವಾಗಲೂ ‘ಹೋಗುತ್ತೇವೆ’ ಎನ್ನದೆ ‘ಹೋಗಿ ಬರುತ್ತೇವೆ’ ಎನ್ನುವ ಜನ. ಅತಿಥಿಯ ಬಾಯಲ್ಲಿಯೂ ಹಾಗೆಯೇ ಒಂದು ಪದವಿದೆ: ‘ಇನ್ನೇನು’. ಇನ್ನೇನು ಹೊರಟೆವು, ಇನ್ನೇನು ಆಯಿತು. ಕನ್ನಡದಲ್ಲಿ ‘ಇನ್ನೇನು’ ಎಂಬುದಕ್ಕೆ ಐದು ನಿಮಿಷದಿಂದ ಸಾಯಂಕಾಲದವರೆಗೆ ಎಷ್ಟು ಬೇಕಾದರೂ ಅರ್ಥವಿದೆ. ಆ ಪದ ಕೇಳಿ ಮೆಟ್ಟಿಲಿಳಿದು ಬಂದವರೆಲ್ಲ ಅರ್ಧ ಗಂಟೆಯ ನಂತರ ಮತ್ತೆ ಮೆಟ್ಟಿಲು ಹತ್ತಿದವರೇ.

ನನಗೆ ಈ ಪಾಠ ಕಲಿಸಿದ್ದು ಬೆಂಗಳೂರಿನ ತಿಲಕನಗರದ ಅಂಚಿನಲ್ಲಿರುವ ನಮ್ಮ ಮೊದಲ ಮಹಡಿಯ ಮನೆ. ನಿಮ್ಹಾನ್ಸ್, ಕಿದ್ವಾಯಿ, ಜಯದೇವ ಈ ಮೂರೂ ಆಸ್ಪತ್ರೆಗಳು ಹತ್ತಿರವಿರುವ ಆ ಭಾಗದಲ್ಲಿ ಮನೆ ಕೊಡುವವರಿಗೆ ಬರುವ ಅತಿಥಿಗಳಲ್ಲಿ ಪ್ರವಾಸಿಗರಿಗಿಂತ ರೋಗಿಗಳ ಮನೆಯವರೇ ಹೆಚ್ಚು. ಕೆಲವು ವರ್ಷಗಳ ಹಿಂದೆ ರಾಯಚೂರಿನ ಕಡೆಯ ಒಂದು ಕುಟುಂಬ ಆರು ದಿನ ಇತ್ತು: ವಯಸ್ಸಾದ ತಾಯಿ, ಮಗ, ಆಸ್ಪತ್ರೆಯಲ್ಲಿ ತಂದೆ. ಏಳನೆಯ ದಿನ ಬೆಳಗ್ಗೆ ತಂದೆಯನ್ನು ಬಿಡುಗಡೆ ಮಾಡುತ್ತಾರೆ, ಹನ್ನೊಂದಕ್ಕೆ ಮನೆ ಖಾಲಿ ಎಂದು ಮಾತಾಗಿತ್ತು. ಅದೇ ದಿನ ಪುಣೆಯಿಂದ ಇನ್ನೊಂದು ಕುಟುಂಬ ಹೊರಟು, ಹನ್ನೆರಡೂವರೆಗೆ ದೇವನಹಳ್ಳಿಯಲ್ಲಿ ಇಳಿಯುವುದಿತ್ತು. ಹನ್ನೊಂದೂಕಾಲಿಗೆ ನಾನು ಬಾಗಿಲು ತಟ್ಟಿದೆ. “ಯಾವಾಗ ಖಾಲಿ ಮಾಡುತ್ತೀರಮ್ಮ?” ಎಂದು ಕೇಳಿದೆ. ಆಕೆ ಸೆರಗು ಸರಿಪಡಿಸಿಕೊಂಡು, “ಇನ್ನೇನು ಹೊಂಟೇವ್ರಿ” ಎಂದರು. ಕೆಳಗಿಳಿದು ಬಂದೆ. ಹನ್ನೊಂದು ಮುಕ್ಕಾಲಿಗೆ ಮತ್ತೆ ಹೋದೆ. ಅದೇ ಪ್ರಶ್ನೆ, ಅದೇ ಉತ್ತರ, ಈ ಸಲ ಇಬ್ಬರ ದನಿಯೂ ಸ್ವಲ್ಪ ಗಡುಸಾಗಿತ್ತು.

ಮೂರನೆಯ ಸಲ ಹೋದಾಗ ನನ್ನ ಕಣ್ಣಿಗೆ ಬಿದ್ದದ್ದು ಒಳಗಿನ ಮನೆ. ಪಾತ್ರೆ ತೊಳೆದು ಬೋರಲು ಹಾಕಿದ್ದರು. ಹೊದಿಕೆಗಳನ್ನು ಮಡಚಿ ಮಂಚದ ತುದಿಗಿಟ್ಟಿದ್ದರು. ಮೂರು ಚೀಲಗಳು ಬಾಗಿಲ ಪಕ್ಕದಲ್ಲಿ ಕಟ್ಟಿ ಸಿದ್ಧವಾಗಿದ್ದವು. ಆಕೆ ಒಂಬತ್ತು ಗಂಟೆಗೇ ಹೊರಟು ಕುಳಿತಿದ್ದವರು! ಆಗ ನನಗೆ ಸರಿಯಾದ ಪ್ರಶ್ನೆ ಹೊಳೆಯಿತು. “ಅಮ್ಮಾ, ನಿಮ್ಮನ್ನು ತಡೆದಿರುವುದು ಏನು?” ಎಂದೆ. ಉತ್ತರ ಒಂದೇ ಉಸಿರಿಗೆ ಬಂತು. ಬಿಲ್ಲಿನ ಕೆಲಸ ಮುಗಿದಿಲ್ಲ, ಮಗ ಅಲ್ಲೇ ನಿಂತಿದ್ದಾನೆ, ಊರಿನ ಬಸ್ಸು ರಾತ್ರಿ ಒಂಬತ್ತಕ್ಕೆ, ಅಲ್ಲಿಯವರೆಗೆ ರೋಗಿಯನ್ನು ಬಸ್ ನಿಲ್ದಾಣದಲ್ಲಿ ಹೇಗೆ ಕೂರಿಸುವುದು, ಮಲಗಲು ಒಂದು ಜಾಗ ಬೇಕಲ್ಲ. ಆಕೆಗೆ ನನ್ನ ಎರಡು ಕೋಣೆಯ ಮನೆ ಬೇಕಾಗಿರಲಿಲ್ಲ. ಒಂದು ಮಂಚ ಬೇಕಾಗಿತ್ತು. ಕೆಳಗಿನ ನಮ್ಮ ನಡುಮನೆಯಲ್ಲಿ ದಿವಾನ ಖಾಲಿಯೇ ಇತ್ತು. ಇಪ್ಪತ್ತು ನಿಮಿಷದಲ್ಲಿ ಚೀಲಗಳು ಕೆಳಗೆ ಬಂದವು, ಪೊರಕೆ ಮೇಲೆ ಹೋಯಿತು. ಪುಣೆಯವರು ಎರಡು ನಲವತ್ತಕ್ಕೆ ಬಂದಾಗ ನೆಲ ಒಣಗಿತ್ತು. ಆ ತಂದೆ ಸಂಜೆ ಏಳರವರೆಗೆ ದಿವಾನದ ಮೇಲೆ ನಿದ್ರಿಸಿದರು.

ಈಗ ಹಾಳೆಯಲ್ಲಿರುವ ದಂಡವನ್ನು ಆ ಮಧ್ಯಾಹ್ನಕ್ಕೆ ಹೊಂದಿಸಿ ನೋಡಿ. ಎರಡು ದಿನದ ಬಾಡಿಗೆ ಸಿಗುತ್ತಿತ್ತು ಎಂದುಕೊಳ್ಳೋಣ. ದಂಡ ಕಟ್ಟಿದವರು ‘ಕಟ್ಟಿದ್ದೇವಲ್ಲ’ ಎಂದು ಸಂಜೆಯವರೆಗೆ ಅಲ್ಲಿಯೇ ಇರುತ್ತಿದ್ದರು. ಪುಣೆಯ ಕುಟುಂಬ ರಸ್ತೆಯಲ್ಲಿ ನಿಲ್ಲುತ್ತಿತ್ತು. ಮತ್ತೆ ಅದೇ ಮಾತಿಗೆ ಬರುತ್ತೇನೆ: ಹನ್ನೊಂದು ಗಂಟೆ ಪುಣೆಯವರದು, ಅದನ್ನು ರಾಯಚೂರಿನವರಿಗೆ ಮಾರುವ ಅಧಿಕಾರ ನನಗಿಲ್ಲ.

ತಡವಾಗುವ ಕಾರಣಗಳು ಬಹಳ ಮಟ್ಟಿಗೆ ಈ ಊರಿನವೇ. ಹುಬ್ಬಳ್ಳಿ, ಮಂಗಳೂರು, ಕಲಬುರಗಿಯ ಬಸ್ಸುಗಳು ಹೆಚ್ಚಾಗಿ ರಾತ್ರಿ ಹೊರಡುತ್ತವೆ. ವಿಮಾನ ನಿಲ್ದಾಣ 2008ರಲ್ಲಿ ದೇವನಹಳ್ಳಿಗೆ ಹೋದ ಮೇಲೆ, ರಾತ್ರಿ ಹತ್ತರ ವಿಮಾನಕ್ಕೆ ಜಯನಗರದವರು ಸಂಜೆಯೇ ಮನೆ ಬಿಡಬೇಕು. ಆದರೂ ಹನ್ನೊಂದರಿಂದ ಸಂಜೆಯವರೆಗಿನ ಹೊತ್ತು ಉಳಿದೇ ಉಳಿಯುತ್ತದೆ. ಇನ್ನೊಂದು ಕಾರಣವನ್ನು ನಾವು ಗಮನಿಸುವುದೇ ಇಲ್ಲ. ಮೆಜೆಸ್ಟಿಕ್ ಸುತ್ತಮುತ್ತಲ ಅನೇಕ ಲಾಡ್ಜುಗಳಲ್ಲಿ ಇಪ್ಪತ್ತನಾಲ್ಕು ಗಂಟೆಯ ಲೆಕ್ಕವಿದೆ: ಸಂಜೆ ನಾಲ್ಕಕ್ಕೆ ಬಂದವರು ಮರುದಿನ ಸಂಜೆ ನಾಲ್ಕಕ್ಕೆ ಹೋಗಬಹುದು. ಆ ರೂಢಿಯಲ್ಲಿ ಬೆಳೆದವರು ನಮ್ಮಲ್ಲಿ ನಾಲ್ಕಕ್ಕೆ ಬಂದು, ಮರುದಿನ ಹನ್ನೊಂದಕ್ಕೆ ನಾವು ಬಾಗಿಲು ತಟ್ಟಿದಾಗ, ಐದು ಗಂಟೆಯ ಮೋಸವಾಯಿತೆಂದು ಪ್ರಾಮಾಣಿಕವಾಗಿ ನಂಬುತ್ತಾರೆ. ಬುಕಿಂಗ್ ಪುಟದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದದ್ದು ಇದಕ್ಕೆ ಉತ್ತರವಾಗುವುದಿಲ್ಲ. ಕೀಲಿಕೈ ಕೊಡುವಾಗ ಬಾಯಿಂದ ಹೇಳಿದ ಒಂದು ವಾಕ್ಯ ಆಗುತ್ತದೆ.

ಕಾರಣವಿಲ್ಲದೆ ಉಳಿಯುವವರೂ ಇದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಶನಿವಾರ ರಾತ್ರಿ ಮೂರರವರೆಗೆ ಗದ್ದಲ ಮಾಡಿ, ಭಾನುವಾರ ಒಂದಕ್ಕೆ ಏಳುವ ಹುಡುಗರಿಗೆ ಗಂಟೆಯ ಲೆಕ್ಕದ ಶುಲ್ಕವೇ ಸರಿ. ಅದು ಮೊದಲೇ ತಿಳಿಸಿದ್ದಾಗಿರಬೇಕು, ಮುಂದಿನ ಬುಕಿಂಗ್ ಇಲ್ಲದ ದಿನ ಮಾತ್ರ ಅನ್ವಯವಾಗಬೇಕು. ಬುಕಿಂಗ್ ಇರುವ ದಿನ ಯಾವ ಶುಲ್ಕಕ್ಕೂ ಸಮಯ ಸಿಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸಮಯ ಮೀರಬೇಡಿ ಎಂಬ ವಿಷಯದ ಮೇಲೆ ಮಾತನಾಡುತ್ತ ಸಮಯ ಮೀರಬಾರದು, ಆದ್ದರಿಂದ ಕಾನೂನಿನ ಭಾಗವನ್ನು ಚಿಕ್ಕದಾಗಿ ಹೇಳುತ್ತೇನೆ. ನಾಲ್ಕು ದಿನಕ್ಕೆ ಬರುವ ಅತಿಥಿ ಸಾಮಾನ್ಯವಾಗಿ ಬಾಡಿಗೆದಾರನಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ 52ನೆಯ ಕಲಮಿನಂತೆ ಆತನದು ಲೈಸೆನ್ಸ್, ಅಂದರೆ ಇರಲು ಕೊಟ್ಟ ಅನುಮತಿ. ಗೊತ್ತುಪಡಿಸಿದ ಅವಧಿ ಮುಗಿದಾಗ ಅದು ರದ್ದಾಯಿತೆಂದೇ 62ನೆಯ ಕಲಮು ಭಾವಿಸುತ್ತದೆ. ಆದರೆ 63ನೆಯ ಕಲಮನ್ನು ದಯವಿಟ್ಟು ನೆನಪಿಡಿ: ಅನುಮತಿ ರದ್ದಾದ ಮೇಲೂ ಹೊರಡಲು, ಸಾಮಾನು ತೆಗೆದುಕೊಳ್ಳಲು ಆತನಿಗೆ ಯುಕ್ತವಾದ ಸಮಯ ಸಿಗಬೇಕು. ಮೆಟ್ಟಿಲ ಮೇಲಿಟ್ಟ ಪೆಟ್ಟಿಗೆ ಆ ಕಲಮಿಗೆ ವಿರುದ್ಧ. ಹಣ ಕೊಡುವವರೆಗೆ ಒಳಗೆ ಕೂಡಿಹಾಕುತ್ತೇನೆ ಎಂದು ಹೊರಟರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅದು ಅಕ್ರಮ ಬಂಧನ, ತಪ್ಪು ನಮ್ಮ ತಲೆಗೆ ಬರುತ್ತದೆ. ಬೆದರಿಸಲು ಅಥವಾ ಕಿರುಕುಳ ಕೊಡಲೆಂದೇ ಅತಿಥಿ ಅಲ್ಲಿ ಉಳಿದರೆ ಅದೇ ಸಂಹಿತೆಯ 329ನೆಯ ಕಲಮಿನ ಅತಿಕ್ರಮ ಪ್ರವೇಶ ಅವರಿಗೆ ಅನ್ವಯಿಸುತ್ತದೆ. ಆಗ 112ಕ್ಕೆ ಕರೆ ಮಾಡಿ, ಬೀಗ ಮುಟ್ಟಬೇಡಿ.

ದಂಡದ ಬಗ್ಗೆಯೂ ಒಂದು ಮಾತು. 1872ರ ಕರಾರು ಕಾಯ್ದೆಯ 74ನೆಯ ಕಲಮಿನಂತೆ, ಕರಾರಿನಲ್ಲಿ ಎಷ್ಟೇ ಮೊತ್ತ ಬರೆದರೂ ನ್ಯಾಯಾಲಯ ಕೊಡಿಸುವುದು ಆ ಮೊತ್ತವನ್ನು ಮೀರದ ಯುಕ್ತ ಪರಿಹಾರವನ್ನು ಮಾತ್ರ. ಒಂದು ಗಂಟೆಯ ತಡಕ್ಕೆ ಎರಡು ದಿನದ ಬಾಡಿಗೆ ಯುಕ್ತವೆಂದು ನಾವು ಹೇಗೆ ತೋರಿಸುವುದು? ತಿಂಗಳುಗಟ್ಟಲೆ ಉಳಿಯುವವರ ವಿಷಯ ಬೇರೆ: ಕಾಗದದಲ್ಲಿ ಲೈಸೆನ್ಸ್ ಎಂದಿದ್ದರೂ ಅವರು ಬಾಡಿಗೆದಾರರೆನಿಸಬಹುದು. ಕಾಗದದ ಮೇಲಿನ ಹೆಸರಿಗಿಂತ ವ್ಯವಹಾರದ ತಿರುಳು ಮುಖ್ಯವೆಂದು ಸುಪ್ರೀಂ ಕೋರ್ಟ್ 1959ರಲ್ಲಿಯೇ, ದೆಹಲಿಯ ಹೋಟೆಲೊಂದರ ಪ್ರಕರಣದಲ್ಲಿ ಹೇಳಿದೆ. ಅಂಥವರ ಜೊತೆ ವಕೀಲರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಿ.

ಉಳಿದ ಅಂಶಗಳನ್ನು ಹೆಸರಿಸಿ ಮುಗಿಸುತ್ತೇನೆ. ಬೀಗವಿರುವ ಒಂದು ಲಗೇಜು ಕಪಾಟು ಮೆಟ್ಟಿಲ ಕೆಳಗಿದ್ದರೆ ನಮ್ಮ ಜಗಳಗಳಲ್ಲಿ ಅರ್ಧ ಇರುವುದಿಲ್ಲ. ಒಂದೇ ಬೀದಿಯಲ್ಲಿರುವ ನಾವು ನಾಲ್ಕು ಜನ ಸೇರಿ ಒಂದು ಕೋಣೆಯನ್ನು ರಾತ್ರಿ ಬಸ್ಸಿನವರಿಗೆಂದೇ ಇಡಬಹುದು, ಅದರ ಬಗ್ಗೆ ಇನ್ನೊಮ್ಮೆ ಮಾತಾಡೋಣ. ಮುಖ್ಯವಾದದ್ದು ಹಿಂದಿನ ಸಂಜೆ ಆರಕ್ಕೆ ನಾನು ಕಳುಹಿಸುವ ವಾಟ್ಸ್‌ಆ್ಯಪ್ ಸಂದೇಶ: “ನಮಸ್ಕಾರ. ನಾಳೆ ಬೆಳಗ್ಗೆ 11ಕ್ಕೆ ಮನೆ ಶುಚಿ ಮಾಡುವವರು ಬರುತ್ತಾರೆ, 2ಕ್ಕೆ ಇನ್ನೊಂದು ಕುಟುಂಬ ಬರುತ್ತದೆ. ನಿಮ್ಮ ಬಸ್ಸು ಅಥವಾ ವಿಮಾನ ಎಷ್ಟು ಗಂಟೆಗೆ? ನಡುವೆ ಲಗೇಜು ಇಡಲು ಅಥವಾ ವಿಶ್ರಾಂತಿಗೆ ಜಾಗ ಬೇಕಿದ್ದರೆ ಈ ರಾತ್ರಿಯೇ ತಿಳಿಸಿ.” ಉತ್ತರ ಬಾರದಿದ್ದರೆ ಎಂಟಕ್ಕೆ ಫೋನು ಮಾಡುತ್ತೇನೆ.

ಚಹಾದ ನಂತರ ಸಲಹೆಯ ಮೇಲೆ ಕೈಯೆತ್ತುವುದಿದೆ. ಹಾಳೆಯ ಎರಡನೆಯ ಸಾಲಿನಲ್ಲಿರುವ ‘ಕಾರಣ ಕೇಳದೆ’ ಎಂಬ ಎರಡು ಪದಗಳನ್ನು ಹೊಡೆದುಹಾಕಿ, ‘ಹಿಂದಿನ ಸಂಜೆಯೇ ವಿಚಾರಿಸಿ’ ಎಂದು ಸೇರಿಸಬೇಕೆಂದೂ, ‘ಎರಡು ದಿನದ ಬಾಡಿಗೆ’ ಎಂಬುದರ ಜಾಗದಲ್ಲಿ ಗಂಟೆಯ ಶುಲ್ಕ ಬರಬೇಕೆಂದೂ ನಾನು ತಿದ್ದುಪಡಿ ಮಂಡಿಸುತ್ತಿದ್ದೇನೆ. ಅನುಮೋದಿಸುವವರು ಯಾರಾದರೂ ಇದ್ದರೆ ದಯವಿಟ್ಟು ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ. ನಮಸ್ಕಾರ.